ಮಗಳು ಅನಿಮೆ ಡಿಸ್ಕಾರ್ಡ್ ಸೇರ್ತೀನಿ ಅಂತಿದ್ದಾಳೆ, ಬಿಡೋದಾದ್ರೆ ಹೇಗೆ ಬಿಡೋದು?

ಚುಕ್ಕಿರಂಗೋಲಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮಗಳಿಗೆ 13 ತುಂಬಿದೆ, ಎಂಟನೇ ಕ್ಲಾಸು. ಅನಿಮೆ (ಜಪಾನಿನ ಕಾರ್ಟೂನ್) ಹುಚ್ಚು. ನೋಡೋದಷ್ಟೇ ಅಲ್ಲ, ಆ ಪಾತ್ರಗಳ ಚಿತ್ರನೂ ಬರೀತಾಳೆ. ಕ್ಲಾಸಲ್ಲಿ ಇದರ ಬಗ್ಗೆ ಮಾತಾಡೋರು ಒಬ್ಬರೂ ಇಲ್ಲ ಅಂತ ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪ್‌ನಲ್ಲಿರೋ ಒಂದು ಫ್ಯಾನ್ ಸರ್ವರ್ (ಅಭಿಮಾನಿಗಳ ಗುಂಪು) ಸೇರಬೇಕಂತೆ. ಸೇರಿಸಬೇಕಾ ಬೇಡವಾ ಅಂತ ನಾನು ಕೇಳ್ತಿಲ್ಲ, ಸೇರಿಸೋದು ಅಂತ ಮನೆಯಲ್ಲಿ ಮಾತಾಗಿದೆ. ಬೇಕಿರೋದು ಕೆಲಸದ ವಿವರ:

1. ಅಕೌಂಟ್ ಮಾಡುವಾಗ ಯಾವ್ಯಾವ ಸೆಟ್ಟಿಂಗ್ ಮುಟ್ಟಬೇಕು?
2. ಸರ್ವರ್ ಹೇಗಿದೆ ಅಂತ ಒಳಗೆ ಹೋದ ಮೊದಲ ಹತ್ತು ನಿಮಿಷದಲ್ಲಿ ಹೇಗೆ ಕಂಡುಹಿಡಿಯೋದು?
3. ಫ್ಯಾನ್‌ಫಿಕ್ (ಅದೇ ಪಾತ್ರಗಳ ಮೇಲೆ ಅಭಿಮಾನಿಗಳು ಬರೆಯೋ ಕತೆ) ಓದೋಕೂ ಶುರು ಮಾಡಿದ್ದಾಳೆ. ಅಲ್ಲಿ ಏನು ನೋಡ್ಕೋಬೇಕು?
4. ನಾಳೆ "ಆನ್‌ಲೈನ್ ಫ್ರೆಂಡ್‌ನ ಕಾಮಿಕ್ ಕಾನ್‌ನಲ್ಲಿ (ಕಾಮಿಕ್ಸ್-ಅನಿಮೆ ಮೇಳ) ಮೀಟ್ ಮಾಡ್ತೀನಿ" ಅಂದ್ರೆ?

"ಮೊಬೈಲ್ ಕಿತ್ತಿಟ್ಕೊ" ಅನ್ನೋ ಸಲಹೆಯನ್ನ ನಮ್ಮತ್ತೆ ಆಗಲೇ ಕೊಟ್ಟಾಗಿದೆ. ಅದು ಬಿಟ್ಟು ಹೇಳಿ.

ರಾತ್ರಿಪಾಳಿ_ಮಾಡ್

ಮೊದಲು ಹುಟ್ಟಿದ ತಾರೀಖು. ಡಿಸ್ಕಾರ್ಡ್‌ಗೆ ಕನಿಷ್ಠ ವಯಸ್ಸು 13, ಅವಳಿಗೆ ತುಂಬಿದೆ, ನಿಜವಾದದ್ದನ್ನೇ ಹಾಕಿ. ಮಕ್ಕಳು ಮಾಡೋ ಮೊದಲನೇ ಎಡವಟ್ಟು ಇಲ್ಲೇ. ಯಾರೋ ಹೇಳಿದ್ರು ಅಂತ 18 ದಾಟಿರೋ ವರ್ಷ ಹಾಕಿಬಿಡ್ತಾರೆ. ಆಮೇಲೆ ಹದಿಹರೆಯದವರಿಗೆ ತಾನಾಗೇ ಆನ್ ಇರೋ ಫಿಲ್ಟರ್‌ಗಳು ಸಿಗಲ್ಲ, 18+ ಚಾನೆಲ್‌ಗಳು (ಸರ್ವರ್ ಒಳಗಿನ ಚಾಟ್ ಕೋಣೆಗಳು) ತೆರೆದುಕೊಳ್ಳಬಹುದು, ನಿಮ್ಮ ಅಕೌಂಟ್ ಜೊತೆ ಜೋಡಿಸೋಕೂ ಆಗಲ್ಲ. ಹಾಕಿದ ತಾರೀಖನ್ನ ನಾವೇ ಹೋಗಿ ತಿದ್ದೋಕೂ ಬರಲ್ಲ. ತಂಗಿಗೋ ತಮ್ಮನಿಗೋ 12 ಇದ್ರೆ ಅವರ ವಿಷಯ ಬೇರೆ: ಚಾಟ್‌ನಲ್ಲಿ ತಮಾಷೆಗೆ "ನಂಗೆ 12" ಅಂದ್ರೂ ಮಾಡ್‌ಗಳು (ಸರ್ವರ್ ನೋಡ್ಕೊಳ್ಳೋ ಮಾಡರೇಟರ್‌ಗಳು) ರಿಪೋರ್ಟ್ ಮಾಡಬಹುದು, ಅಕೌಂಟ್ ಲಾಕ್ ಆಗಬಹುದು, ವಯಸ್ಸು ಸಾಬೀತು ಮಾಡದೆ ಬಿಡಿಸ್ಕೊಳ್ಳೋದು ಕಷ್ಟ.

ಇಮೇಲ್ ನಿಮ್ಮ ಕೈಗೂ ಸಿಗೋ ಇಮೇಲ್ ಆಗಿರಲಿ. ಎರಡು ಹಂತದ ಲಾಗಿನ್‌ಗೆ ಅಥೆಂಟಿಕೇಟರ್ ಆ್ಯಪ್ (ಲಾಗಿನ್ ಕೋಡ್ ಕೊಡೋ ಆ್ಯಪ್) ಹಾಕಿ, ಬರೋ ಬ್ಯಾಕಪ್ ಕೋಡ್‌ಗಳನ್ನ ಕಾಗದಕ್ಕೆ ಬರೆದು ಬೀರುವಿನಲ್ಲಿಡಿ. ಫೋನ್ ಕೆಟ್ಟ ದಿನ ಆ ಕಾಗದ ಇಲ್ಲ ಅಂದ್ರೆ ಅಕೌಂಟ್ ಹೋಯ್ತು ಅಂತಲೇ ಲೆಕ್ಕ.

ಡಿಸ್ಕಾರ್ಡ್‌ನಲ್ಲಿ ಹೆತ್ತವರಿಗೆ ಅಂತಲೇ ಫ್ಯಾಮಿಲಿ ಸೆಂಟರ್ 2023ರಲ್ಲಿ ಬಂತು. ನಿಮಗೂ ಒಂದು ಅಕೌಂಟ್ ಬೇಕು. ಅವಳ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫ್ಯಾಮಿಲಿ ಸೆಂಟರ್ ತೆಗೆದ್ರೆ ಕ್ಯೂಆರ್ ಕೋಡ್ ಬರುತ್ತೆ, ಅದನ್ನ ನೀವು ನಿಮ್ಮ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ, ಅವಳು ಒಪ್ಪಿಗೆ ಒತ್ತಬೇಕು. ಆಮೇಲೆ ಕಳೆದ ಏಳು ದಿನದಲ್ಲಿ ಯಾರನ್ನ ಫ್ರೆಂಡ್ ಮಾಡ್ಕೊಂಡಳು, ಯಾವ ಸರ್ವರ್ ಸೇರಿದಳು, ಯಾರಿಗೆ ಮೆಸೇಜ್ ಅಥವಾ ಕಾಲ್ ಮಾಡಿದಳು ಅನ್ನೋದು ಕಾಣುತ್ತೆ. ವಾರಕ್ಕೊಂದು ಇಮೇಲೂ ಬರುತ್ತೆ. ಏನು ಮಾತಾಡಿದಳು ಅನ್ನೋದು ಮಾತ್ರ ಕಾಣಲ್ಲ, ಕಾಣಬಾರದು ಕೂಡ. ಬೇಡ ಅನಿಸಿದ ದಿನ ಅವಳೇ ಅದನ್ನ ಕಿತ್ತುಹಾಕಬಹುದು. ಹಾಗಾಗಿ ಇದು ಬೀಗ ಅಲ್ಲ, ಕಿಟಕಿ. "ಹೆಸರುಗಳನ್ನ ನೋಡ್ತೀನಿ, ಮಾತು ಓದಲ್ಲ" ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಕದ್ದು ಅವಳ ಫೋನ್ ಓದೋಕೆ ಹೊರಟ್ರೆ ಎರಡನೇ ಅಕೌಂಟ್ ಹುಟ್ಟುತ್ತೆ, ಆ ಎರಡನೇದರಲ್ಲಿ ನಿಮಗೆ ಏನೂ ಕಾಣಲ್ಲ.

ಪ್ರೈವಸಿ ವಿಭಾಗದಲ್ಲಿ ಎರಡು ಕೆಲಸ. "ಸರ್ವರ್‌ನ ಇತರ ಸದಸ್ಯರಿಂದ ನೇರ ಸಂದೇಶ" ಅನ್ನೋದು ಆಫ್. ಫ್ರೆಂಡ್ ರಿಕ್ವೆಸ್ಟ್ ಯಾರು ಕಳಿಸಬಹುದು ಅನ್ನೋ ಕಡೆ ಎವ್ರಿವನ್, ಫ್ರೆಂಡ್ಸ್ ಆಫ್ ಫ್ರೆಂಡ್ಸ್, ಸರ್ವರ್ ಮೆಂಬರ್ಸ್ ಅಂತ ಮೂರು ಗುಂಡಿ ಇರುತ್ತೆ. ಮೂರೂ ಆಫ್ ಮಾಡಿ. ಆಗ ಅವಳಿಗೆ ಇಷ್ಟ ಆದವರಿಗೆ ಅವಳೇ ರಿಕ್ವೆಸ್ಟ್ ಕಳಿಸಬಹುದು, ಬೇರೆಯವರು ಇವಳ ಬಾಗಿಲು ತಟ್ಟೋಕಾಗಲ್ಲ. ಇದೊಂದರಿಂದಲೇ ಮುಕ್ಕಾಲು ತಲೆನೋವು ಹೋಗುತ್ತೆ. ಮೆನು ಹೆಸರುಗಳು ಆಗಾಗ ಬದಲಾಗ್ತಿರುತ್ತೆ, ಹುಡುಕಿದ್ರೆ ಸಿಗುತ್ತೆ.

ಎರಡು ಮೋಸ ಮೊದಲೇ ಹೇಳಿಕೊಡಿ. ಒಂದು, "ಫ್ರೀ ನೈಟ್ರೋ ಬೇಕಾ, ಈ ಕ್ಯೂಆರ್ ಸ್ಕ್ಯಾನ್ ಮಾಡು." (ನೈಟ್ರೋ ಅಂದ್ರೆ ಡಿಸ್ಕಾರ್ಡ್‌ನ ದುಡ್ಡಿನ ಚಂದಾ.) ಅದು ಕಂಪ್ಯೂಟರ್‌ನಲ್ಲಿ ಲಾಗಿನ್ ಆಗೋ ಕ್ಯೂಆರ್. ಸ್ಕ್ಯಾನ್ ಮಾಡಿ ಒಪ್ಪಿಗೆ ಕೊಟ್ರೆ ಪಾಸ್‌ವರ್ಡೂ ಬೇಡ, ಎರಡನೇ ಹಂತವೂ ಬೇಡ, ಅಕೌಂಟ್ ಅವರದ್ದು. ಎರಡು, "ಅಯ್ಯೋ, ತಪ್ಪಾಗಿ ನಿನ್ನ ಅಕೌಂಟ್ ರಿಪೋರ್ಟ್ ಮಾಡ್ಬಿಟ್ಟೆ, ಈ ಅಧಿಕಾರಿ ಹತ್ರ ಮಾತಾಡು." ಆ ಅಧಿಕಾರಿಯೂ ಕಳ್ಳನೇ. ಇವು ಅಪರಿಚಿತರಿಂದಲ್ಲ, ಆಗಲೇ ಅಕೌಂಟ್ ಕಳ್ಕೊಂಡ ಗೆಳತಿಯ ಹೆಸರಿನಿಂದ ಬರುತ್ತೆ. ಅದಕ್ಕೇ ಬುದ್ಧಿವಂತ ಮಕ್ಕಳೂ ಬೀಳೋದು.

ರಾತ್ರಿಪಾಳಿ_ಮಾಡ್

ಎರಡನೇ ಪ್ರಶ್ನೆಗೆ ಬೇರೆ ಪೋಸ್ಟ್, ಉದ್ದ ಆಯ್ತು.

ಸರ್ವರ್‌ಗೆ ನೀವೂ ಒಂದ್ಸಲ ಹೋಗಿ ನೋಡಿ. ಸದಸ್ಯರ ಸಂಖ್ಯೆ ನೋಡ್ಬೇಡಿ, ಮಾಡ್‌ಗಳನ್ನ ನೋಡಿ. ಬಲಗಡೆ ಪಟ್ಟಿಯಲ್ಲಿ ಮಾಡ್ ಅಂತ ಬಣ್ಣದ ಹೆಸರುಗಳಿರುತ್ತೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡಿ, ಎರಡೂ ಹೊತ್ತು ಯಾರಾದರೂ ಎಚ್ಚರ ಇದ್ದಾರಾ? ಮಾಡ್‌ಗಳೆಲ್ಲ ಅಮೆರಿಕ ಖಂಡದವರೇ ಆದ್ರೆ ನಮ್ಮ ಹಗಲಿನಲ್ಲಿ ಆ ಸರ್ವರ್ ಕಾವಲಿಲ್ಲದ ಹೊಲ.

ಒಳಗೆ ಬರೋ ದಾರಿ ಎಷ್ಟು ಬಿಗಿ ಇದೆ ನೋಡಿ. ಡಿಸ್ಕಾರ್ಡ್‌ನಲ್ಲಿ ಪರಿಶೀಲನೆಯ ಮಟ್ಟಗಳಿವೆ: ಕೆಳಗಿನದಕ್ಕೆ ಇಮೇಲ್ ಸಾಕು, ಮಧ್ಯದ್ದಕ್ಕೆ ಅಕೌಂಟ್‌ಗೆ 5 ನಿಮಿಷ ಆಗಿರಬೇಕು, ಅದರ ಮೇಲಿನದಕ್ಕೆ ಸರ್ವರ್ ಸೇರಿ 10 ನಿಮಿಷ ಆಗಿರಬೇಕು, ಕೊನೆಯದಕ್ಕೆ ಫೋನ್ ನಂಬರ್ ಬೇಕು. ಬಂದ ತಕ್ಷಣ ಟೈಪ್ ಮಾಡೋಕೆ ಬಿಟ್ರೆ ಕಸದ ಅಕೌಂಟ್‌ಗಳಿಗೂ ಅಷ್ಟೇ ಸಲೀಸು ಅಂತ ಅರ್ಥ.

ವಯಸ್ಸಿನ ರೋಲ್ (ಹೆಸರಿಗೆ ಅಂಟಿಸೋ ಗುರುತು) ಇಡೋ ಸರ್ವರ್‌ಗಳಿವೆ, 13–15, 16–17, 18+ ಅಂತ. ಒಳ್ಳೆ ಉದ್ದೇಶದಿಂದಲೇ ಇಡ್ತಾರೆ. ಆದ್ರೆ ಆ ರೋಲ್ ಪ್ರೊಫೈಲ್‌ನಲ್ಲಿ ಎಲ್ಲರಿಗೂ ಕಾಣುತ್ತೆ. ಚಿಕ್ಕವರನ್ನೇ ಹುಡುಕ್ಕೊಂಡು ಬರೋನಿಗೆ ಅದು ರೆಡಿಮೇಡ್ ಪಟ್ಟಿ. ಅವಳು ಅದನ್ನ ಆರಿಸದೇ ಇರಲಿ. 18+ ಚಾನೆಲ್‌ಗಳೂ 13ರ ಮಕ್ಕಳೂ ಒಂದೇ ಸರ್ವರ್‌ನಲ್ಲಿದ್ರೆ ನಾನಾದ್ರೆ ಅಲ್ಲೇ ವಾಪಸ್ ಬರ್ತೀನಿ, ಬೀಗ ಎಷ್ಟೇ ಗಟ್ಟಿ ಇರಲಿ.

ಜನ ಅಷ್ಟಾಗಿ ಗಮನಿಸದ ಇನ್ನೊಂದಿದೆ, ವೆಂಟ್ ಚಾನೆಲ್. ದುಃಖ ತೋಡಿಕೊಳ್ಳೋ ಜಾಗ. ಫ್ಯಾನ್ ಸರ್ವರ್‌ಗಳಲ್ಲಿ ಗೆಳೆತನ ಗಟ್ಟಿಯಾಗೋದು ಚಿತ್ರದ ಚಾನೆಲ್‌ನಲ್ಲಿ, ಭಾರ ಆಗೋದು ಇಲ್ಲಿ. ಹದಿಮೂರರ ಮಗು ಇನ್ನೊಂದು ಹದಿಮೂರರ ಮಗುವಿಗೆ ಕೌನ್ಸೆಲರ್ ಆಗಿ ಕೂತುಬಿಡುತ್ತೆ, ತಾನು ಮಲಗಿದ್ರೆ ಅವಳಿಗೆ ಏನಾದ್ರೂ ಆದೀತು ಅಂತ ನಿದ್ದೆ ಬಿಡುತ್ತೆ. ಸೇರಿದ ದಿನವೇ ಆ ಚಾನೆಲ್‌ನ ಹೆಸರಿನ ಮೇಲೆ ಒತ್ತಿ ಹಿಡಿದು ಮ್ಯೂಟ್ ಮಾಡಿಸಿ. ಯಾರಾದ್ರೂ ಸಾಯೋ ಮಾತಾಡಿದ್ರೆ ಅವಳ ಕೆಲಸ ಎರಡೇ: ಮಾಡ್‌ಗೆ ಪಿಂಗ್ ಮಾಡೋದು (ಹೆಸರು ಹಾಕಿ ಕರೆಯೋದು), ನಿಮಗೆ ಹೇಳೋದು. ಸಮಾಧಾನ ಮಾಡೋದು ಅವಳ ಕೆಲಸ ಅಲ್ಲ ಅಂತ ನೀವೇ ಹೇಳಬೇಕು, ಅವಳಿಗೆ ತಾನಾಗೇ ತೋಚಲ್ಲ.

ಗಡಿಯಾರದ ಲೆಕ್ಕನೂ ಇದಕ್ಕೆ ಸೇರಿದ್ದೇ. ಬ್ರಿಟನ್‌ನವರ ರಾತ್ರಿ 8 ಚಳಿಗಾಲದಲ್ಲಿ ನಮ್ಮ 1:30, ಬೇಸಿಗೆಯಲ್ಲಿ 12:30. ನ್ಯೂಯಾರ್ಕ್‌ನ ರಾತ್ರಿ 8 ಅಂದ್ರೆ ನಮಗೆ ಬೆಳಗಿನ ಜಾವ 5:30 ಅಥವಾ 6:30. ಅಂದ್ರೆ ಯುರೋಪಿನ ಗೆಳತಿಯರಿದ್ರೆ ನಿದ್ದೆ ಹಾಳು, ಅಮೆರಿಕದವರಿದ್ರೆ ಸ್ಕೂಲ್ ಬಸ್ ತಪ್ಪುತ್ತೆ. ಶನಿವಾರ ಭಾನುವಾರ ಬೆಳಿಗ್ಗೆ ಫೋನ್ ಕೊಟ್ರೆ ಅಮೆರಿಕದ ಹುಡುಗಿಯರ ಜೊತೆ ಸಲೀಸಾಗಿ ಮಾತಾಡಬಹುದು, ಅದನ್ನ ಅವಳ ಹಕ್ಕು ಅಂತಲೇ ಇಟ್ಬಿಡಿ. ರಾತ್ರಿ ಹತ್ತಕ್ಕೆ ಫೋನ್ ಹಾಲ್‌ನಲ್ಲಿ ಚಾರ್ಜ್‌ಗೆ. ನಿಮ್ಮದೂ ಅಲ್ಲೇ ಇಡಿ, ಇಲ್ಲಾಂದ್ರೆ ನಿಯಮ ಮೂರು ದಿನವೂ ಬಾಳಲ್ಲ.

ಹುಬ್ಬಳ್ಳಿಮಂದಿ

ಮಾಡ್ ಸಾಹೇಬ್ರು ಹೇಳಿದ್ದು ಖರೇ ಐತ್ರಿ, ಆದ್ರ ಇಷ್ಟೆಲ್ಲಾ ಕೀಲಿ ಹಾಕಿ ಸಾವಿರಾರು ಮಂದಿ ಇರೋ ಜಾತ್ರಿಗೆ ಹುಡುಗಿನ್ನ ಕಳಸೋದು ಯಾಕ್ರಿ? ದೊಡ್ಡ ಸರ್ವರ್‌ನಾಗ ಗೆಳೆತನ ಆಗೂದಿಲ್ಲ, ಮುಖಪರಿಚಯ ಅಷ್ಟ ಆಗತೈತಿ. ನಾನಂತೂ ಹೇಳೋದು, ನೀವ ಒಂದು ಸಣ್ಣ ಸರ್ವರ್ ಮಾಡಿಕೊಡ್ರಿ. ಐದಾರು ಮಂದಿ ಸಾಕು. ಡ್ರಾಯಿಂಗ್ ಕ್ಲಾಸಿನಾಗ ಒಬ್ಬಾಕಿ, ಕಸಿನ್ ಒಬ್ಬಾಕಿ, ಅವರ ಗೆಳತ್ಯಾರು ಇಬ್ಬರು, ಹಿಂಗ ಕೂಡಿಸ್ರಿ. ಅನಿಮೆ ನೋಡೋ ಹುಡುಗ್ರು ಪ್ರತಿ ಊರಾಗೂ ಅದಾರ, ಒಬ್ಬರಿಗೊಬ್ಬರು ಗೊತ್ತಿರಂಗಿಲ್ಲ ಅಷ್ಟ.

ಮಾಡೋದು ಹೆಂಗಂದ್ರ: ಪ್ಲಸ್ ಗುರುತು ಒತ್ತಿ, ಗೆಳೆಯರಿಗೆ ಅನ್ನೋದನ್ನ ಆರಿಸ್ರಿ. ಮೊದಲ ಕೆಲಸ, ರೋಲ್ಸ್‌ಗೆ ಹೋಗಿ ಎವ್ರಿವನ್ ರೋಲ್‌ನಾಗ "ಇನ್ವೈಟ್ ಮಾಡೋ" ಅನುಮತಿ ತಗದ್ ಬಿಡ್ರಿ. ಹೊಸ ಸರ್ವರ್‌ನಾಗ ಅದು ಎಲ್ಲಾರಿಗೂ ಚಾಲೂ ಇರತೈತಿ, ಒಬ್ಬಾಕಿ ಲಿಂಕ್ ತಗೊಂಡು ಇನ್‌ಸ್ಟಾದಾಗ ಹಾಕಿದ್ಲಂದ್ರ ಮುಗೀತು. ಆಮ್ಯಾಲ ನೀವು ಲಿಂಕ್ ಮಾಡುಮುಂದ ಒಬ್ಬರಿಗೆ ಒಂದ ಸಲ ಅಂತ ಮಿತಿ ಇಡ್ರಿ. ಸುಮ್ನ ಬಿಟ್ರ ಅದು 7 ದಿನ ಜೀವ ಇರತೈತಿ, ಎಷ್ಟ ಮಂದಿ ಬೇಕಾದ್ರೂ ಬರಬಹುದು. ಯಾರನ್ನರ ಹೊರಗ ಹಾಕೋದಿದ್ರ ಕಿಕ್ ಬ್ಯಾರೆ, ಬ್ಯಾನ್ ಬ್ಯಾರೆ: ಕಿಕ್ ಮಾಡಿದ್ರ ಹೊಳ್ಳಿ ಲಿಂಕ್ ಹಿಡ್ಕೊಂಡು ಬರ್ತಾರ.

ಇನ್ನ, ಬರೇ ಚಾಟ್ ಇಟ್ರ ಎರಡು ವಾರಕ್ಕ ಸರ್ವರ್ ಸತ್ತು ಹೋಗತೈತಿ. ಕೂಡಿ ಮಾಡೋ ಕೆಲಸ ಬೇಕು. ಶನಿವಾರ ಒಂದು ತಾಸು ಎಲ್ಲಾರೂ ಸ್ಕ್ರೀನ್ ಶೇರ್ ಹಾಕಿ ಒಂದ ಪಾತ್ರ ಬರಿಯೋದು, ಇಲ್ಲಾ ಮೈನ್‌ಕ್ರಾಫ್ಟ್ ಆಟ ಆಡೋದು. ಮೈನ್‌ಕ್ರಾಫ್ಟಿಗೆ ರೆಲ್ಮ್ಸ್ (ಅವರ ಕಂಪನಿದ ಬಾಡಿಗಿ ಸರ್ವರ್) ತಗೊಂಡ್ರ ಕರೆದವರಷ್ಟ ಒಳಗ ಬರ್ತಾರ, ಒಡೆಯ ಬಿಟ್ಟು ಹತ್ತು ಮಂದಿ ಒಮ್ಮೆಲೆ ಆಡಬಹುದು. ರೊಕ್ಕ ಉಳಸಾಕ ಮನ್ಯಾಗ ಮೈನ್‌ಕ್ರಾಫ್ಟ್ ಸರ್ವರ್ (ಆಟ ನಡಸೋ ಕಂಪ್ಯೂಟರ್) ಹಾಕೋರಿಗೆ ಮಾತು: ಜಾವಾ ಆವೃತ್ತಿಗೆ 2ರಿಂದ 4 ಜಿಬಿ ರ್‍ಯಾಮ್ ಬಿಟ್ಟುಕೊಡ್ರಿ, ಸರ್ವರ್ ಪ್ರಾಪರ್ಟೀಸ್ ಫೈಲಿನಾಗ ವೈಟ್‌ಲಿಸ್ಟ್ (ಒಳಗ ಬಿಡೋರ ಹೆಸರಿನ ಪಟ್ಟಿ) ಟ್ರೂ, ಆನ್‌ಲೈನ್ ಮೋಡ್ ಟ್ರೂ ಇರಬೇಕು. ಆನ್‌ಲೈನ್ ಮೋಡ್ ಫಾಲ್ಸ್ ಮಾಡಿದ್ರ ಯಾರ ಬೇಕಾದ್ರೂ ನಿಮ್ಮ ಮಗಳ ಹೆಸರು ಹಾಕ್ಕೊಂಡು ಒಳಗ ಬರಬಹುದು, ವೈಟ್‌ಲಿಸ್ಟ್ ಇದ್ರೂ ಉಪಯೋಗಿಲ್ಲ. ರೌಟರ್‌ನಾಗ 25565 ಪೋರ್ಟ್ ತಗದ್ರೂ ಹೊರಗಿನವರಿಗೆ ಕಾಣವಲ್ದು ಅಂದ್ರ ತಪ್ಪು ನಿಮ್ಮದಲ್ಲ, ನಮ್ಮ ಕಡೆ ಬಾಳ ಬ್ರಾಡ್‌ಬ್ಯಾಂಡಿನವರು ಒಂದ ಪಬ್ಲಿಕ್ ಐಪಿ (ಇಂಟರ್ನೆಟ್ ವಿಳಾಸ) ಹಲವು ಮನಿಗೆ ಹಂಚಿರ್ತಾರ. ಆಗ ಸ್ಟ್ಯಾಟಿಕ್ ಐಪಿ ಕೇಳ್ರಿ, ಇಲ್ಲಾ ಸುಮ್ನ ರೆಲ್ಮ್ಸ್ ತಗೋರಿ. ಮತ್ತ ಮಗಳ ಮೈನ್‌ಕ್ರಾಫ್ಟ್ ಅಕೌಂಟ್ ಮೈಕ್ರೋಸಾಫ್ಟ್ ಚೈಲ್ಡ್ ಅಕೌಂಟ್ ಇದ್ರ, ಎಕ್ಸ್‌ಬಾಕ್ಸ್ ಪ್ರೈವಸಿಯೊಳಗ ಮಲ್ಟಿಪ್ಲೇಯರ್‌ಗೆ ನೀವು ಒಪ್ಪಿಗಿ ಕೊಡಬೇಕು. ಅದು ಮರತು ಅರ್ಧ ದಿನ ಸರ್ವರ್‌ಗೆ ಬೈಯೋರು ಬಾಳ ಮಂದಿ.

ರಾತ್ರಿಪಾಳಿ_ಮಾಡ್

@ಹುಬ್ಬಳ್ಳಿಮಂದಿ ಸಣ್ಣ ಸರ್ವರ್ ಒಳ್ಳೇದು, ಒಪ್ಪಿದೆ. ಆದ್ರೆ ಅಲ್ಲಿನ ಕಷ್ಟ ಬೇರೆ ಥರ. ಆರು ಜನರಲ್ಲಿ ಇಬ್ಬರಿಗೆ ಜಗಳ ಆದ್ರೆ ಉಳಿದ ನಾಲ್ವರೂ ಒಂದೊಂದು ಪಕ್ಷ. ಅಡ್ಮಿನ್ ಯಾರ ಕೈಲಿದೆಯೋ ಅವಳು ಇನ್ನೊಬ್ಬಳನ್ನ ಬ್ಯಾನ್ ಮಾಡ್ತಾಳೆ, ಗೆಳೆತನವೂ ಅಲ್ಲಿಗೇ ಮುಗೀತು. ಅದಕ್ಕೆ ಅಡ್ಮಿನ್ ಒಬ್ಬ ದೊಡ್ಡವರ ಹತ್ರ ಇರಲಿ, ಅವರು ಚಾಟ್ ಮಾಡೋದು ಬೇಡ. ಮಕ್ಕಳಿಗೆ ಟೈಮ್‌ಔಟ್ ಅನುಮತಿಯಷ್ಟೇ ಕೊಡಿ, ಒಂದು ನಿಮಿಷದಿಂದ ಒಂದು ವಾರದವರೆಗೆ ಆಯ್ಕೆ ಇದೆ. ಹತ್ತು ನಿಮಿಷ ಬಾಯಿ ಮುಚ್ಚಿಸಿದ್ರೆ ಮುಕ್ಕಾಲು ಜಗಳ ತಣ್ಣಗಾಗುತ್ತೆ. "ಪ್ರೈವೇಟ್ ಚಾನೆಲ್" ಅನ್ನೋ ಹೆಸರನ್ನ ನಂಬ್ಬೇಡಿ, ಸ್ಕ್ರೀನ್‌ಶಾಟ್‌ಗೆ ಬಾಗಿಲಿಲ್ಲ.

ಪುಸ್ತಕಹುಳ_ಶಿವಮೊಗ್ಗ

ಮೂರನೇ ಪ್ರಶ್ನೆಗೆ. ಫ್ಯಾನ್‌ಫಿಕ್ ಅಂದ್ರೆ ಹೆಚ್ಚಾಗಿ ಎಒ3, ಪೂರ್ತಿ ಹೆಸರು ಆರ್ಕೈವ್ ಆಫ್ ಅವರ್ ಓನ್. 2009ರಿಂದ ನಡೀತಿದೆ, ಅಭಿಮಾನಿಗಳೇ ನಡೆಸೋ ಲಾಭವಿಲ್ಲದ ಸಂಸ್ಥೆ, 2019ರಲ್ಲಿ ಹ್ಯೂಗೋ ಪ್ರಶಸ್ತಿನೂ ಬಂತು. ಜಾಹೀರಾತಿಲ್ಲ. ಖಾಸಗಿ ಮೆಸೇಜ್ ಕಳಿಸೋ ವ್ಯವಸ್ಥೆಯೇ ಇಲ್ಲ, ಇರೋದು ಕತೆಯ ಕೆಳಗಿನ ಕಾಮೆಂಟ್ ಮಾತ್ರ. ಅಪರಿಚಿತರ ದೃಷ್ಟಿಯಿಂದ ಡಿಸ್ಕಾರ್ಡ್‌ಗಿಂತ ಇದು ನಿರಾಳ. ವಿಷಯದ ದೃಷ್ಟಿಯಿಂದ ಹಾಗಲ್ಲ, ಅಲ್ಲಿ ಎಲ್ಲವೂ ಇದೆ, ಪೇರೆಂಟಲ್ ಲಾಕ್ ಮಾತ್ರ ಇಲ್ಲ. ಅಕೌಂಟ್ ಇಲ್ಲದೆಯೂ ಓದಬಹುದು, "ವಯಸ್ಕರ ವಿಷಯ" ಅಂತ ಎಚ್ಚರಿಕೆ ಬಂದ್ರೆ ಒಂದು ಗುಂಡಿ ಒತ್ತಿದರೆ ದಾಟಿಹೋಗುತ್ತೆ.

ಹಾಗಾಗಿ ಅವಳಿಗೆ ಲೇಬಲ್ ಓದೋದು ಕಲಿಸಬೇಕು, ಬಿಸ್ಕತ್ ಪೊಟ್ಟಣದ ಹಿಂಬದಿ ಓದೋ ಹಾಗೆ. ರೇಟಿಂಗ್ ಐದು: ಜನರಲ್, ಟೀನ್, ಮೆಚ್ಯೂರ್, ಎಕ್ಸ್‌ಪ್ಲಿಸಿಟ್, ನಾಟ್ ರೇಟೆಡ್. ಈ ಕೊನೆಯದನ್ನ "ಏನೂ ಇಲ್ಲ ಬಿಡು" ಅಂತ ಓದ್ಕೊಳ್ಳೋರು ಬಹಳ. ಬರೆದವರು ಹೇಳಿಲ್ಲ ಅಷ್ಟೇ, ಒಳಗೆ ಏನೂ ಇರಬಹುದು. ಎಚ್ಚರಿಕೆಗಳಲ್ಲೂ ಇದೇ ಬಲೆ. "ನೋ ಆರ್ಕೈವ್ ವಾರ್ನಿಂಗ್ಸ್ ಅಪ್ಲೈ" ಅಂದ್ರೆ ಪಟ್ಟಿಯಲ್ಲಿರೋ ದೊಡ್ಡ ಎಚ್ಚರಿಕೆಗಳು ಈ ಕತೆಗೆ ಬೇಕಿಲ್ಲ. "ಕ್ರಿಯೇಟರ್ ಚೋಸ್ ನಾಟ್ ಟು ಯೂಸ್ ಆರ್ಕೈವ್ ವಾರ್ನಿಂಗ್ಸ್" ಅಂದ್ರೆ ಹೇಳಲ್ಲ ಅಂತ ಬರೆದವರು ತೀರ್ಮಾನಿಸಿದ್ದಾರೆ, ಸಾವೋ ಹಿಂಸೆಯೋ ಬಂದ್ರೆ ಆಶ್ಚರ್ಯ ಪಡಬೇಡಿ ಅಂತ. ನೋಡೋಕೆ ಎರಡೂ ಒಂದೇ ಥರ, ಅರ್ಥ ಎದುರುಬದುರು.

ಫಿಲ್ಟರ್ ಹಾಕೋದು ಹೀಗೆ. ಯಾವ ಅನಿಮೆಯೋ ಅದರ ಟ್ಯಾಗ್ ತೆರೆದು ಪಕ್ಕದ ಫಿಲ್ಟರ್‌ಗೆ ಹೋಗಿ. ಮೇಲಿನ ಇನ್‌ಕ್ಲೂಡ್ ಭಾಗದಲ್ಲಿ ಒಂದೇ ರೇಟಿಂಗ್ ಆರಿಸೋಕೆ ಬರೋದು. ಜನರಲ್ ಮತ್ತು ಟೀನ್ ಎರಡೂ ಬೇಕಂದ್ರೆ ಅದನ್ನ ಮುಟ್ಟದೆ ಕೆಳಗಿನ ಎಕ್ಸ್‌ಕ್ಲೂಡ್ ಭಾಗದಲ್ಲಿ ಮೆಚ್ಯೂರ್, ಎಕ್ಸ್‌ಪ್ಲಿಸಿಟ್, ನಾಟ್ ರೇಟೆಡ್ ಮೂರಕ್ಕೂ ಟಿಕ್ ಹಾಕಿ. ಎಚ್ಚರಿಕೆಗಳಲ್ಲಿ ಆ "ಚೋಸ್ ನಾಟ್ ಟು ಯೂಸ್" ಅನ್ನೋದಕ್ಕೂ ಟಿಕ್ ಹಾಕಿ. ಫಲಿತಾಂಶ ಬಂದ ಮೇಲೆ ಆ ಪುಟವನ್ನ ಬ್ರೌಸರ್‌ನಲ್ಲಿ ಬುಕ್‌ಮಾರ್ಕ್ ಮಾಡಿ. ಫಿಲ್ಟರ್‌ಗಳೆಲ್ಲ ವಿಳಾಸದಲ್ಲೇ ಉಳಿಯೋದ್ರಿಂದ ದಿನಾ ಅಲ್ಲಿಂದಲೇ ಒಳಗೆ ಹೋಗಬಹುದು. ಕಾಮೆಂಟ್‌ನಲ್ಲಿ ಯಾರೋ ಕೊಟ್ಟ ಲಿಂಕ್‌ಗೆ ಈ ಫಿಲ್ಟರ್ ಅನ್ವಯಿಸಲ್ಲ, ಹೆಚ್ಚಾಗಿ ಸೋರಿಹೋಗೋದು ಅಲ್ಲೇ.

ಅವಳೇ ಬರೆಯೋಕೆ ಶುರು ಮಾಡಿದ್ರೆ (ಮಾಡ್ತಾಳೆ, ನೋಡ್ತಿರಿ) ಅಕೌಂಟ್‌ಗೆ ಆಹ್ವಾನದ ಸರತಿಯಲ್ಲಿ ಕಾಯಬೇಕು, ಅಲ್ಲೂ 13 ಆಗಿರಬೇಕು. ಕಾವ್ಯನಾಮ ಇನ್‌ಸ್ಟಾ ಹೆಸರಿಗೆ ಹತ್ತಿರವೂ ಇರಬಾರದು. ಕಾಮೆಂಟ್‌ಗಳನ್ನ ಅಕೌಂಟ್ ಇರೋರಿಗೆ ಮಾತ್ರ ಬಿಟ್ಟು, ಮೊದಲು ತಾನು ನೋಡಿ ಆಮೇಲೆ ಪ್ರಕಟ ಆಗೋ ಹಾಗೆ ಇಡಬಹುದು. ಹದಿನೇಳಕ್ಕೆ ಬಂದಾಗ ಹದಿಮೂರರಲ್ಲಿ ಬರೆದದ್ದು ನೋಡಿ ನಾಚಿಕೆ ಆಗೋದು ಸಹಜ. ಆಗ ಅಳಿಸೋದು ಬೇಡ, ಆರ್ಫನ್ ಅಂತ ಒಂದು ಸೌಕರ್ಯ ಇದೆ, ಕತೆ ಉಳಿದು ಹೆಸರು ಮಾತ್ರ ಕಳಚುತ್ತೆ. ಆದ್ರೆ ಅದು ವಾಪಸ್ ಬರಲ್ಲ, ಕೋಪದಲ್ಲಿ ಒತ್ತಬಾರದ ಗುಂಡಿ.

ಚುಕ್ಕಿರಂಗೋಲಿ (ಮೈಸೂರು)

ಅಬ್ಬಾ, ಒಂದು ನೋಟ್‌ಬುಕ್ ತುಂಬುವಷ್ಟು ಬರೆದಿದ್ದೀರಿ, ಥ್ಯಾಂಕ್ಸ್. ಫ್ರೆಂಡ್ ರಿಕ್ವೆಸ್ಟ್‌ನ ಮೂರು ಗುಂಡಿ ಈಗಲೇ ಆಫ್ ಆಯ್ತು. ಇನ್ನೆರಡು ಸಂದೇಹ. "ಓಸಿ" "ಆರ್‌ಪಿ" ಅಂತ ಏನೇನೋ ಹೇಳ್ತಾಳೆ, ಅದರಲ್ಲಿ ಗಾಬರಿ ಪಡೋದು ಏನಾದ್ರೂ ಇದೆಯಾ? ಮತ್ತೆ ಚಿತ್ರಕ್ಕೆ ದುಡ್ಡು ಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ?

ರಾತ್ರಿಪಾಳಿ_ಮಾಡ್

ಓಸಿ ಅಂದ್ರೆ ಅವಳೇ ಹುಟ್ಟಿಸಿದ ಪಾತ್ರ, ಖುಷಿ ಪಡಿ. ಶಿಪ್ ಅಂದ್ರೆ ಎರಡು ಪಾತ್ರಗಳಿಗೆ ಜೋಡಿ ಕಟ್ಟೋದು. ಅದರ ಮೇಲೆ ನಡೆಯೋ ಜಗಳ ಮಹಾಭಾರತದಷ್ಟು ಉದ್ದ ಇದ್ರೂ ಅಪಾಯ ಇಲ್ಲ. ಆರ್‌ಪಿ ಅಂದ್ರೆ ಪಾತ್ರಗಳಾಗಿ ಮಾತಾಡ್ತಾ ಕತೆ ಕಟ್ಟೋದು. ಎಲ್ಲರಿಗೂ ಕಾಣೋ ಚಾನೆಲ್‌ನಲ್ಲಿ ನಡೆದ್ರೆ ಒಳ್ಳೆ ಬರವಣಿಗೆಯ ಅಭ್ಯಾಸ. ಅದೇ ಒಬ್ಬ ದೊಡ್ಡವನ ಜೊತೆ ನೇರ ಸಂದೇಶದಲ್ಲಿ ನಡೆದು, ಕತೆ ಪ್ರೇಮದ ಕಡೆ ತಿರುಗಿದ್ರೆ ನಿಲ್ಲಿಸಬೇಕು. "ಪಾತ್ರ ಹೇಳಿದ್ದು, ನಾನಲ್ಲ" ಅನ್ನೋ ನೆಪ ಅಲ್ಲಿ ಸಿಗುತ್ತೆ.

ಕೆಟ್ಟ ಉದ್ದೇಶದವರ ದಾರಿ ಹೆಚ್ಚುಕಮ್ಮಿ ಒಂದೇ ಥರ. ಮೊದಲು ಚಿತ್ರವನ್ನ ವಿಪರೀತ ಹೊಗಳೋದು, ಆಮೇಲೆ ನೇರ ಸಂದೇಶ, "ಇದು ನಮ್ಮಿಬ್ಬರಲ್ಲೇ ಇರಲಿ," ಕೊನೆಗೆ "ಡಿಸ್ಕಾರ್ಡ್ ಬೇಡ, ಟೆಲಿಗ್ರಾಂಗೆ ಬಾ." ಆ್ಯಪ್ ಬದಲಿಸೋಣ ಅನ್ನೋ ಮಾತು ಬಂದ ದಿನ ನಿಮಗೆ ಹೇಳಬೇಕು, ಅದೊಂದು ನಿಯಮ ಸಾಕು. ಹೇಳಿದ್ರೆ ಬೈಯಲ್ಲ, ಫೋನ್ ಕಿತ್ಕೊಳ್ಳಲ್ಲ ಅಂತ ನೀವೂ ಮಾತು ಕೊಡಬೇಕು.

ಫೋಟೊ ಇಟ್ಕೊಂಡು ಯಾರಾದ್ರೂ ಹೆದರಿಸಿದ್ರೆ ದುಡ್ಡು ಕೊಡಬೇಡಿ, ಚಾಟ್ ಅಳಿಸಬೇಡಿ. ಡಿಸ್ಕಾರ್ಡ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಅವನ ಹೆಸರಿನಿಂದ ಯೂಸರ್ ಐಡಿ ಕಾಪಿ ಮಾಡಿಡಿ. ಹೆಸರು ದಿನಕ್ಕೊಂದು ಬದಲಿಸಬಹುದು, ಆ ಉದ್ದದ ಸಂಖ್ಯೆ ಬದಲಾಗಲ್ಲ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಆ ಮೆಸೇಜ್ ಮೇಲೆಯೇ ರಿಪೋರ್ಟ್, ಕೊನೆಗೆ ಬ್ಲಾಕ್. ಈ ಕ್ರಮ ತಪ್ಪಿ ಮೆಸೇಜ್ ಅಳಿಸಿಬಿಟ್ರೆ ಸಾಕ್ಷಿಯೇ ಹೋಗುತ್ತೆ. ದೂರು ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್‌ನಲ್ಲಿ, ಹೆಂಗಸರು ಮಕ್ಕಳ ವಿರುದ್ಧದ ಅಪರಾಧಕ್ಕೆ ಅಲ್ಲಿ ಬೇರೆ ವಿಭಾಗ ಇದೆ. ಮಕ್ಕಳ ಸಹಾಯವಾಣಿ 1098, ಹಣ ಹೋಗಿದ್ರೆ 1930. 18ಕ್ಕಿಂತ ಚಿಕ್ಕವರ ನಗ್ನ ಫೋಟೊ ಹರಡದ ಹಾಗೆ ತಡೆಯೋಕೆ ಟೇಕ್ ಇಟ್ ಡೌನ್ ಅನ್ನೋ ಉಚಿತ ಸೇವೆ ಇದೆ. ಫೋಟೊ ಫೋನಿನಿಂದ ಹೊರಗೆ ಹೋಗಲ್ಲ, ಅದರ ಬೆರಳಚ್ಚಿನಂಥ ಒಂದು ಕೋಡ್ ಮಾತ್ರ ಹೋಗುತ್ತೆ.

ಬ್ಲಾಕ್ ಮಾಡಿದ್ರೂ ಅದೇ ಸರ್ವರ್‌ನಲ್ಲಿ ಅವನು ಇವಳ ಮಾತು ಓದಬಹುದು, ಅದಕ್ಕೇ ಮಾಡ್‌ಗೂ ಹೇಳಬೇಕು. ಬರೀ ಕಿರಿಕಿರಿ ಹುಡುಗಿಯಾದ್ರೆ ಇಗ್ನೋರ್ ಸಾಕು, ಅವಳಿಗೆ ಗೊತ್ತೂ ಆಗಲ್ಲ.

ದುಡ್ಡಿನ ಕಮಿಷನ್ (ಕೇಳಿದವರಿಗೆ ಕಾಸಿಗೆ ಚಿತ್ರ ಬರೆದುಕೊಡೋದು) ಸದ್ಯಕ್ಕೆ ಬೇಡ. ಆನ್‌ಲೈನ್ ಹಣ ಪಡೆಯೋ ಪೇಪಾಲ್‌ಗೆ 18 ಆಗಿರಬೇಕು. "ಹೆಚ್ಚು ಕಳಿಸಿಬಿಟ್ಟೆ, ಉಳಿದದ್ದು ವಾಪಸ್ ಕಳಿಸು" ಅಂತಲೋ "ಬಿಸಿನೆಸ್ ಅಕೌಂಟ್ ಮಾಡ್ಕೊ, ಮೊದಲು ಇಷ್ಟು ಕಟ್ಟು" ಅಂತಲೋ ಬರೋ ಇಮೇಲ್ ನಕಲಿ. ಯುಪಿಐನಲ್ಲಿ ಹಣ ಬರೋಕೆ ಪಿನ್ ಒತ್ತಬೇಕಾಗೇ ಇಲ್ಲ. ಗೆಳತಿಯರ ನಡುವೆ ನಿನ್ನ ಪಾತ್ರ ನಾನು, ನನ್ನ ಪಾತ್ರ ನೀನು ಅಂತ ಆರ್ಟ್ ಟ್ರೇಡ್ ಮಾಡ್ತಾರೆ, ಅದು ಚೆಂದ. ಮೊದಲು ಇಬ್ಬರೂ ಕಚ್ಚಾ ಸ್ಕೆಚ್ ತೋರಿಸಿ ಆಮೇಲೆ ಮುಗಿಸೋದು ಅಂತ ಇಟ್ರೆ ಒಬ್ಬಳು ಬರೆದುಕೊಟ್ಟು ಇನ್ನೊಬ್ಬಳು ಮಾಯ ಆಗೋದು ತಪ್ಪುತ್ತೆ.

ನೇತ್ರಾವತಿ_ತೀರ

ನಾಲ್ಕನೆಯದ್ದಕ್ಕೆ ಯಾರೂ ಕೈ ಹಾಕಲಿಲ್ಲ ಮಾರಾಯ್ರೇ, ನಾನು ಹೇಳ್ತೇನೆ.

ಭೇಟಿ ಆಗ್ಲಿಕ್ಕೆ ಕಾಮಿಕ್ ಕಾನ್ ನಿಜವಾಗಿ ಒಳ್ಳೆಯ ಜಾಗ. ಟಿಕೆಟ್ ಉಂಟು, ಕಾವಲು ಉಂಟು, ಸಾವಿರ ಜನ ಉಂಟು. ಆದ್ರೆ ಮೊದಲು ವಿಡಿಯೊ ಕಾಲ್ ಆಗಬೇಕು, ಮಕ್ಕಳದ್ದು ಮಾತ್ರ ಅಲ್ಲ, ಎರಡೂ ಮನೆಯ ಹಿರಿಯರದ್ದು. ಆ ಕಡೆಯ ಅಮ್ಮನೋ ಅಪ್ಪನೋ ಕ್ಯಾಮೆರಾ ಮುಂದೆ ಬರ್ಲಿಕ್ಕೆ ಒಪ್ಪುವುದಿಲ್ಲ ಅಂತಾದ್ರೆ ಭೇಟಿ ಇಲ್ಲ, ಮಾತು ಮುಗಿಯಿತು. "ಕ್ಯಾಮೆರಾ ಹಾಳಾಗಿದೆ" ಎಂಬುದು ಎರಡು ಸಲ ಬಂದ್ರೆ ಅದೇ ಉತ್ತರ.

ಬೆಂಗಳೂರಿನದ್ದು 2025ರ ಜನವರಿಯಲ್ಲಿ ವೈಟ್‌ಫೀಲ್ಡ್‌ನ ಕೆಟಿಪಿಒ ಪ್ರದರ್ಶನ ಕೇಂದ್ರದಲ್ಲಿ ಆಗಿತ್ತು. ಪ್ರತಿ ಸಲ ತಾರೀಖು, ಜಾಗ ನೋಡಿಯೇ ಹೊರಡಿ. ವೈಟ್‌ಫೀಲ್ಡ್ ಕಡೆಯೇ ಆದ್ರೆ ಮೈಸೂರಿನ ರೈಲಿನಿಂದ ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿ, ನಡುವೆ ಬದಲಿಸ್ಲಿಕ್ಕೆ ಇಲ್ಲ. ದಿನ ದಿನಕ್ಕೆ ಬೇರೆ ಟಿಕೆಟ್, ಇಬ್ಬರೂ ಒಂದೇ ದಿನದ್ದು ತೆಗೆದಿದ್ದಾರಾ ಅಂತ ಕೇಳಿ. ಒಬ್ಬಳು ಶನಿವಾರ, ಒಬ್ಬಳು ಭಾನುವಾರ ತೆಗೆದು ಅಳುವುದು ಅಪರೂಪ ಅಲ್ಲ.

ಒಳಗೆ ಜನ ತುಂಬಿದ ಮೇಲೆ ಫೋನ್ ನೆಟ್‌ವರ್ಕ್ ಸರಿಯಾಗಿ ಸಿಕ್ಕುದಿಲ್ಲ. "ಬಂದು ಮೆಸೇಜ್ ಹಾಕು" ಎಂಬ ಪ್ಲಾನ್ ಅಲ್ಲಿಗೇ ಕೆಡ್ತದೆ. ಹೊರಗಿನ ಗೇಟು, ಗಂಟೆ ಹನ್ನೊಂದು, ಬರದಿದ್ರೆ ಹನ್ನೊಂದೂವರೆಗೆ ಇನ್ನೊಂದು ಸಲ ಅದೇ ಜಾಗ ಅಂತ ಮೊದಲೇ ಗೊತ್ತು ಮಾಡಿ. ಗುರುತಿಗೆ ವೇಷ ನಂಬಬೇಡಿ, ಅದೇ ಪಾತ್ರದ ವೇಷದಲ್ಲಿ ಇಪ್ಪತ್ತು ಜನ ಇರ್ತಾರೆ. ನಿಮ್ಮ ನಂಬರ್ ಮಗಳ ಜೇಬಿನಲ್ಲಿ ಕಾಗದದಲ್ಲಿ ಇರಲಿ. ಮೊದಲ ಸಲ ನೀವು ಹತ್ತು ಹೆಜ್ಜೆ ಹಿಂದೆ ನಡೀರಿ, ಪಕ್ಕದಲ್ಲಿ ಬೇಡ. ಚಾಟ್‌ನಲ್ಲಿ ಬಾಯಿ ಮುಚ್ಚದ ಮಕ್ಕಳು ಎದುರು ಸಿಕ್ಕಿದ ಮೊದಲ ಅರ್ಧ ಗಂಟೆ ಕಲ್ಲಿನ ಹಾಗೆ ನಿಲ್ತಾರೆ. ಅದಕ್ಕೆ ಕೈಯಲ್ಲಿ ಕೆಲಸ ಬೇಕು: ಇಬ್ಬರೂ ಸ್ಕೆಚ್‌ಬುಕ್ ತರಲಿ, ಒಂದೊಂದು ಪುಟ ಬದಲಿಸಿ ಬರೆಯಲಿ.

ಫೋಟೊ ಹಾಕುವಾಗ ಎದುರಿನವಳನ್ನು ಕೇಳಿಯೇ ಹಾಕುವುದು, ಅದೂ ಮನೆಗೆ ಬಂದ ಮೇಲೆ. "ಈಗ ಇಲ್ಲಿದ್ದೇವೆ" ಅಂತ ಲೈವ್ ಬೇಡ. ಶಾಲೆಯ ಬ್ಯಾಗು, ಐಡಿ ಟ್ಯಾಗು ಕಾಣದ ಹಾಗೆ ನೋಡಿ.

ಚುಕ್ಕಿರಂಗೋಲಿ (ಮೈಸೂರು)

ಪಕ್ಕದಲ್ಲಿ ಕೂತು ಓದ್ತಿದ್ದಾಳೆ. ಅವಳ ಪ್ರಶ್ನೆ ಒಂದೇ: ಕಾಮಿಕ್ ಕಾನ್‌ಗೆ ಪಾತ್ರದ ವೇಷದ ಜೊತೆ ಕತ್ತಿ ತಗೊಂಡು ಹೋಗಬಹುದಾ? ಥರ್ಮಾಕೋಲ್‌ನಲ್ಲಿ ಮಾಡೋಕೆ ಶುರು ಮಾಡಿದ್ದಾಳೆ.

ನೇತ್ರಾವತಿ_ತೀರ

ಥರ್ಮಾಕೋಲ್ ಬೇಡ, ನಿಲ್ಲಿಸಿ! ಕಾಂಟ್ಯಾಕ್ಟ್ ಅಂಟು ಹಚ್ಚಿದ ಕೂಡ್ಲೆ ಅದು ಕರಗಿ ಹೋಗ್ತದೆ, ಸ್ಪ್ರೇ ಪೇಂಟಿಗೂ ಹಾಗೇ. 10 ಮಿಲಿಮೀಟರ್ ಇವಿಎ ಫೋಮ್ (ಮೆತ್ತನೆಯ ಹಾಳೆ) ಎರಡು ಪಟ್ಟಿ ತೆಗೊಳ್ಳಿ. ಒಂದೊಂದರಲ್ಲೂ ನಡುವೆ 4 ಮಿಲಿಮೀಟರ್ ಆಳಕ್ಕೆ ಗೀರಿ, 8 ಮಿಲಿಮೀಟರ್ ದಪ್ಪದ ಬಿದಿರು ಕಡ್ಡಿ ಕೂರಿಸಿ. ಫೆವಿಕಾಲ್ ಎಸ್‌ಆರ್ (ಇದೇ ಕಾಂಟ್ಯಾಕ್ಟ್ ಅಂಟು) ಎರಡೂ ಮುಖಕ್ಕೆ ತೆಳ್ಳಗೆ ಹಚ್ಚಿ, 10ರಿಂದ 15 ನಿಮಿಷ ಬಿಡಿ. ಬೆರಳಿಗೆ ಅಂಟದ ಹಾಗೆ ಆದ ಮೇಲೆಯೇ ಒತ್ತಬೇಕು. ಒದ್ದೆ ಇರುವಾಗ ಒತ್ತಿದ್ರೆ ಹಿಡಿಯುವುದಿಲ್ಲ, ಮೊದಲ ಸಲ ಮಾಡುವ ಎಲ್ಲರೂ ಅದನ್ನೇ ಮಾಡುವುದು. ಘಾಟು ಜೋರು, ತಾರಸಿಯಲ್ಲಿ ಮಾಡಿ, ಅಂಟು ಹಚ್ಚುವುದು ನೀವೇ ಆಗಿ.

ಆಮೇಲೆ ಹೀಟ್ ಗನ್ ಹಿಡಿದ್ರೆ ಮಂದ ಮೈ ಸ್ವಲ್ಪ ಹೊಳೆಯುತ್ತದೆ, ಅಂದ್ರೆ ರಂಧ್ರ ಮುಚ್ಚಿತು. ಬಿಳಿ ಫೆವಿಕಾಲ್‌ಗೆ ನೀರು ಬೆರೆಸಿ ಎರಡು ಮೂರು ಕೋಟ್, ಒಂದು ಒಣಗಿದ ಮೇಲೆ ಇನ್ನೊಂದು. ಕೊನೆಗೆ ಅಕ್ರಿಲಿಕ್ ಬಣ್ಣ.

ಕಬ್ಬಿಣ, ಚೂಪು ತುದಿ ಒಳಗೆ ಬಿಡುವುದಿಲ್ಲ, ಆ ವರ್ಷದ ನಿಯಮ ಓದಿಯೇ ಉದ್ದ ಅಳೆಯಿರಿ. ಹಿಡಿಕೆ ಬೇರೆ, ಅಲಗು ಬೇರೆ ಆಗಿ ಕಳಚುವ ಹಾಗೆ ಮಾಡಿದ್ರೆ ಬ್ಯಾಗಿನಲ್ಲಿ ಹೋಗ್ತದೆ. ಮೆಟ್ರೊ ಸ್ಕ್ಯಾನರ್‌ನವರಿಗೆ ಕತ್ತಿ ಅಂತ ಹೇಳಬೇಡಿ, ಫೋಮಿನದ್ದು ಅಂತ ಒತ್ತಿ ತೋರಿಸಿ.